ಹೊಳವಾದ ಮೇಲೆ

ಬೆಳಗ್ಗೆ ಏಳೂವರೆ ಇರಬೇಕು. ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಹಿತ್ತಲ ಬಾಗಿಲಿಗೆ ಬಂದೆ. ಆಯಿ, ಅಂದರೆ ನನ್ನ ಅಮ್ಮ, ಅಂಗಳದ ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಳು. ನನ್ನ ಕಡೆ ತಿರುಗದೇ, "ತಮಾ, ಹೊಳವಾತು ನೋಡು" ಅಂದಳು.

ಮಲೆನಾಡಿನವರಿಗೆ ಈ ಮಾತಿನ ತೂಕ ಗೊತ್ತು. ಹೊಳ ಅಂದರೆ ಮಳೆ ನಿಂತು ಬೆಳಕಾಗುವುದು. ಆಷಾಢದಲ್ಲೂ ಒಮ್ಮೊಮ್ಮೆ ಅರ್ಧ ಗಂಟೆ ಹೊಳವಾಗುತ್ತದೆ. ಅದನ್ನು ನಂಬಿ ಬಟ್ಟೆ ಹರವಿದವರು ಕೆಟ್ಟರು. ಸೆಪ್ಟೆಂಬರ್ ಕೊನೆಯ ಹೊಳ ಬೇರೆ. ಅದರಲ್ಲಿ ಆಕಾಶದ ಬಣ್ಣವೇ ಬೇರೆ, ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ. ಬಿಸಿಲು ಬಿದ್ದರೆ ಕಣ್ಣು ಬಿಡಲು ಆಗುವುದಿಲ್ಲ. ಶಾಲೆಯಲ್ಲಿ ಆರು ಋತುಗಳನ್ನು ಬಾಯಿಪಾಠ ಮಾಡಿದ್ದೆವಲ್ಲ, ಆಶ್ವಯುಜ, ಕಾರ್ತಿಕ, ಶರದೃತು ಅಂತ. ಪರೀಕ್ಷೆಯ ಆಚೆ ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಳಸಿದ್ದು ನಾನು ಕೇಳಿಲ್ಲ. ಇಲ್ಲಿ ಇರುವುದು "ಹೊಳವಾದ ಮೇಲೆ" ಮಾತ್ರ. ಎಲ್ಲಾ ಕೆಲಸವನ್ನೂ ಅದಕ್ಕೇ ಮುಂದೂಡಿರುತ್ತಾರೆ.

ಮಲೆನಾಡಿನ ಮಳೆ ಬಗ್ಗೆ ಬರೆದವರು ಬೇಕಾದಷ್ಟು ಜನ. ಜೋಗಕ್ಕೆ ಬಂದು, ಒದ್ದೆಯಾಗಿ, ಬಿಸಿ ಬೋಂಡಾ ತಿಂದು, ಫೋಟೋ ಹಾಕಿ ಹೋಗುತ್ತಾರೆ. ತಪ್ಪಲ್ಲ. ಆದರೆ ಒಣಗುವುದರ ಸುಖ ಗೊತ್ತಾಗಬೇಕಾದರೆ ನಾಲ್ಕು ತಿಂಗಳು ಇಲ್ಲೇ ನೆನೆದಿರಬೇಕು. ನಮ್ಮ ಮನೆ ಇರುವುದು ಸಾಗರದಿಂದ ಇಕ್ಕೇರಿ ದಾಟಿ ಹೋಗುವ ಕಡೆ. ಜೂನ್ ಬಂತೆಂದರೆ ಬೆಂಕಿಕಡ್ಡಿ ಹತ್ತುವುದಿಲ್ಲ. ಉಪ್ಪು ನೀರಾಗುತ್ತದೆ. ಡಬ್ಬಿಯಲ್ಲಿಟ್ಟ ಹಪ್ಪಳ ಚರ್ಮದ ಹಾಗೆ ಬಾಗುತ್ತದೆ. ಬೆಲ್ಟು, ಚಪ್ಪಲಿ, ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲು, ಎಲ್ಲದರ ಮೇಲೂ ಹಸಿರು ಬೂಸ್ಟು. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ. ಹಾಗಾಗಿ ಮಗಳ ಯೂನಿಫಾರ್ಮ್ ನಾಲ್ಕು ತಿಂಗಳೂ ಹೊಗೆ ವಾಸನೆ ಹೊಡೆಯುತ್ತದೆ. ಕ್ಲಾಸಿನ ಎಲ್ಲಾ ಮಕ್ಕಳದ್ದೂ ಅದೇ ವಾಸನೆ ಆದ್ದರಿಂದ ಯಾರಿಗೂ ಬೇಜಾರಿಲ್ಲ.

ಬೆಂಗಳೂರಲ್ಲಿ ಎಂಟು ವರ್ಷ ಇದ್ದಾಗ ನನಗೆ ಈ ದಿನಗಳು ಇದ್ದದ್ದೇ ಮರೆತುಹೋಗಿತ್ತು. ಅಲ್ಲಿ ಸೆಪ್ಟೆಂಬರ್ ಅಂದರೆ ಆಗಸ್ಟಿನ ಮುಂದಿನ ತಿಂಗಳು, ಅಷ್ಟೇ.

ಹೊಳವಾದ ದಿನ ಮೊದಲ ಕೆಲಸ ತಟ್ಟಿ ಬಿಚ್ಚುವುದು. ಮಳೆ ಶುರುವಾಗುವ ಮುಂಚೆ ಎರಚಲು ಹೊಡೆಯದಿರಲಿ ಎಂದು ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟಿರುತ್ತೇವೆ. ಈಗೀಗ ಎರಡು ಕಡೆ ನೀಲಿ ಪ್ಲಾಸ್ಟಿಕ್ ಬಂದಿದೆ, ನೋಡಲು ಚೆಂದವಿಲ್ಲ, ಆದರೆ ಸೋಗೆ ಹೆಣೆಯುವವರು ಸಿಗಬೇಕಲ್ಲ. ಬಳ್ಳಿ ಕೊಯ್ದು ತಟ್ಟಿ ಕೆಳಗೆ ಬೀಳಿಸಿದ ಕೂಡಲೇ ಬೆಳಕು ಜಗಲಿ ದಾಟಿ ನಡುಮನೆಯ ಗೋಡೆಯವರೆಗೆ ನುಗ್ಗುತ್ತದೆ. ಜೂನ್‌ನಿಂದ ಹಗಲಲ್ಲೂ ಬಲ್ಬು ಹಾಕಿಕೊಂಡು ಓಡಾಡಿದ ಮನೆ ಇದೇನಾ ಅನ್ನಿಸುತ್ತದೆ. ಸಂತೋಷ ಇರುವುದು ಒಂದೆರಡು ನಿಮಿಷ. ಆಮೇಲೆ ಜೇಡರಬಲೆ ಕಾಣುತ್ತದೆ, ಮೂಲೆಯ ಧೂಳು ಕಾಣುತ್ತದೆ, ಗೋಡೆಯ ಮೇಲೆ ಮಗಳು ಪೆನ್ಸಿಲ್ಲಿನಲ್ಲಿ ಬರೆದದ್ದು ಕಾಣುತ್ತದೆ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಪೊರಕೆ ಹುಡುಕುತ್ತಾಳೆ. ನನಗೆ ತೋಟದಲ್ಲಿ ತುರ್ತು ಕೆಲಸ ನೆನಪಾಗುತ್ತದೆ.

ಅಂಗಳಕ್ಕೆ ಅಡ್ಡಡ್ಡ ಹಾಸಿದ್ದ ಅಡಿಕೆ ಮರದ ಸೀಳು ದಬ್ಬೆಗಳನ್ನು ಇಷ್ಟು ಬೇಗ ತೆಗೆಯುವಂತಿಲ್ಲ. ಕೆಳಗೆ ಪಾಚಿ ಇನ್ನೂ ಜಾರುತ್ತದೆ. ಆದರೆ ಆಯಿಗೆ ತಾಳ್ಮೆ ಇಲ್ಲ. ದಬ್ಬೆಯ ಮೇಲೇ ಚಾಪೆ ಹಾಸಿ ಒಂದೊಂದೇ ಹೊರಗೆ ತಂದಿಡುತ್ತಾಳೆ. ತಲೆದಿಂಬು, ಕಂಬಳಿ, ಜಾಡಿಯ ಮಾವಿನ ಮಿಡಿ, ಮೆಣಸು, ಹುರುಳಿ, ಪಂಚಾಂಗ, ಅಪ್ಪನ ಕೋಟು. ಕೊನೆಗೆ ತಾನೇ ಒಂದು ಮಣೆ ಹಾಕಿಕೊಂಡು ಬೆನ್ನು ಬಿಸಿಲಿಗೆ ಕೊಟ್ಟು ಕೂರುತ್ತಾಳೆ. "ಎಂತ ಮಾಡ್ತಾ ಇದ್ದೆ ಆಯಿ?" ಅಂದರೆ, "ಒಣಗ್ತಾ ಇದ್ದಿ" ಅನ್ನುತ್ತಾಳೆ.

ಈ ಸಂಭ್ರಮದಲ್ಲೇ ನಾನು ಹೋದ ವರ್ಷ ದೊಡ್ಡ ತಪ್ಪು ಮಾಡಿದೆ. ಹತ್ತಿಯ ಹಾಸಿಗೆ. ಈಗಿನ ಫೋಮ್ ಅಲ್ಲ, ಅಜ್ಜನ ಕಾಲದ್ದು, ಗಟ್ಟಿ ಪಟ್ಟೆ ಬಟ್ಟೆಯ, ಇಬ್ಬರು ಹೊರುವಂಥದ್ದು. ಅದನ್ನು ಒಬ್ಬನೇ ಎಳೆದು ತಂದು ಅಂಗಳದ ಕಟ್ಟೆಯ ಮೇಲೆ ಹಾಸಿದೆ. ಹನ್ನೊಂದು ಗಂಟೆಗೆ ಮುಟ್ಟಿ ನೋಡಿದರೆ ಬಿಸಿ ದೋಸೆಯ ಹಾಗಿತ್ತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಮಧ್ಯಾಹ್ನ ತೋಟದ ಕೆಳಗಿನ ಕಾಲುವೆಯ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಗುಡ್ಡದ ಆಚೆ ಒಮ್ಮೆ ಗುಡುಗಿತು. ಇನ್ನೂ ದೂರ ಇದೆ ಅಂದುಕೊಂಡೆ. ಐದು ನಿಮಿಷ ಆಗಿರಲಿಲ್ಲ.

ಅದು ಚಿತ್ತೆ ಮಳೆ. ನಮ್ಮ ಕಡೆ ಮಳೆಯನ್ನು ತಿಂಗಳಿನಿಂದ ಯಾರೂ ಲೆಕ್ಕ ಹಾಕುವುದಿಲ್ಲ, ನಕ್ಷತ್ರದಿಂದ ಹಾಕುತ್ತಾರೆ. ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತೆ, 24ರ ಹೊತ್ತಿಗೆ ಸ್ವಾತಿ. ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಆರಿದ್ರೆ, ಪುನರ್ವಸು ಇದ್ದ ಹಾಗೆ ಇವು ಹಗಲೂ ರಾತ್ರಿ ಹೊಯ್ಯುವುದಿಲ್ಲ. ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಗುಡುಗು, ಒಂದು ತಾಸು ಜೋರು ಮಳೆ, ಸಂಜೆಗೆ ಏನೂ ಗೊತ್ತಿಲ್ಲದ ಹಾಗೆ ಮತ್ತೆ ಹೊಳ. ಅದರಲ್ಲೂ ಚಿತ್ತೆಗೆ ಕಣ್ಣಿಲ್ಲ. "ಕುರುಡು ಚಿತ್ತೆ ಎರಚಿದತ್ತ ಬೆಳೆ" ಎಂದು ಗಾದೆಯೇ ಇದೆ. ಈ ಗದ್ದೆಗೆ ಹೊಯ್ದರೆ ಪಕ್ಕದ ಗದ್ದೆಗೆ ಇಲ್ಲ. ಅವತ್ತು ಅದು ಎರಚಿದ್ದು ನಮ್ಮ ಹಾಸಿಗೆಯತ್ತ.

ಓಡಿ ಬರುವಷ್ಟರಲ್ಲಿ ದಿಂಬು, ಮೆಣಸು, ಪಂಚಾಂಗ ಎಲ್ಲಾ ಒಳಗೆ ಹೋಗಿದ್ದವು. ಹೆಂಡತಿ, ಮಗಳು, ಆಯಿ ಮೂವರೂ ಜಗಲಿಯಲ್ಲಿ ಸಾಲಾಗಿ ನಿಂತು ಹಾಸಿಗೆಯನ್ನು ನೋಡುತ್ತಿದ್ದರು. ನೀರು ಕುಡಿದ ಹತ್ತಿ ಹಾಸಿಗೆಯನ್ನು ಎತ್ತಲು ನೋಡಿದ್ದೀರಾ? ಎಮ್ಮೆ ಮಲಗಿದ ಹಾಗಿರುತ್ತದೆ. ನಾಲ್ಕು ಮೂಲೆ ನಾಲ್ಕು ಜನ ಹಿಡಿದರೂ ನಡು ಏಳಲಿಲ್ಲ. "ಚಿತ್ತೆ ಮಳೆ ನಂಬಿ ಹಾಸಿಗೆ ಹಾಕಿದ್ಯಲ" ಅಂದಳು ಆಯಿ, ಬೈಗುಳವೂ ಅಲ್ಲ, ಕನಿಕರವೂ ಅಲ್ಲದ ದನಿಯಲ್ಲಿ. ಒಣಗಲು ಒಂಬತ್ತು ದಿನ ಬೇಕಾಯಿತು. ಒಂಬತ್ತೂ ದಿನ ನಾನು ಅಂಗಳ ಬಿಟ್ಟು ಕದಲಲಿಲ್ಲ. ಫೋನ್ ಬಂದರೂ ಹೋಗಲಿಲ್ಲ. ಸುಮ್ನೆ ಕಟ್ಟೆಯ ಮೇಲೆ ಕೂತು ಮೋಡ ಕಾಯುವುದು. ನಿಜ ಹೇಳಬೇಕೆಂದರೆ, ಈ ಬರಹದಲ್ಲಿ ಇರುವುದೆಲ್ಲಾ ನನ್ನ ಕಣ್ಣಿಗೆ ಬಿದ್ದದ್ದು ಆ ಒಂಬತ್ತು ದಿನಗಳಲ್ಲೇ.

ಮೊದಲು ಕಂಡದ್ದು ಏರೋಪ್ಲೇನ್ ಚಿಟ್ಟೆಗಳು. ಹತ್ತು ಗಂಟೆಯ ಬಿಸಿಲಿಗೆ ಅಂಗಳದ ಮೇಲೆ ನೂರಾರು. ಹೊಂಬಣ್ಣದ ಮೈ, ಎಲ್ಲೂ ಕೂರದೆ, ಒಂದೇ ಎತ್ತರದಲ್ಲಿ ಹಿಂದೆ ಮುಂದೆ. ಚಿಕ್ಕಂದಿನಲ್ಲಿ ಇವುಗಳ ಬಾಲಕ್ಕೆ ದಾರ ಕಟ್ಟಿದ ಪಾಪ ನಮ್ಮ ಮೇಲಿದೆ. ಇವು ಸಮುದ್ರ ದಾಟುತ್ತವೆ ಎಂದು ನನಗೆ ಗೊತ್ತಾದದ್ದು ಈಚೆಗೆ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಪ್ರತಿ ಅಕ್ಟೋಬರ್‌ನಲ್ಲಿ ಅಲ್ಲಿಗೆ ಇವು ಹಿಂಡುಹಿಂಡಾಗಿ ಬಂದಿಳಿಯುವುದನ್ನು ವರ್ಷಗಟ್ಟಲೆ ಗಮನಿಸಿದರು. ಆ ದ್ವೀಪಗಳಲ್ಲಿ ಇವು ಮೊಟ್ಟೆ ಇಡುವಂಥ ಸಿಹಿನೀರಿನ ಹೊಂಡಗಳೇ ಅಪರೂಪ. ಹಾಗಾದರೆ ಎಲ್ಲಿಂದ ಬಂದವು? ದಕ್ಷಿಣ ಭಾರತದಿಂದ ಹೊರಟು, ಮಳೆಯ ಜಾಡು ಹಿಡಿದು, ಮಾಲ್ಡೀವ್ಸ್ ಮೇಲೆ ಹಾದು ಪೂರ್ವ ಆಫ್ರಿಕಾಕ್ಕೆ ಹೋಗುತ್ತಿರಬೇಕು ಎಂದು ಅವರು 2009ರಲ್ಲಿ ಬರೆದರು. ಎರಡು ಇಂಚಿನ ಹುಳ! ಮಗಳಿಗೆ ಹೇಳಿದೆ. ಅವಳು ತುಂಬಾ ಹೊತ್ತು ಮೇಲೆ ನೋಡಿ, "ಅಪ್ಪಾ, ಅದಕ್ಕೆ ಆಸರಾಗ್ತಿಲ್ಯಾ?" ಅಂತ ಕೇಳಿದಳು. ಬಾಯಾರಿಕೆಯ ಬಗ್ಗೆ ನಾನು ಯೋಚಿಸಿರಲಿಲ್ಲ.

ಇವು ಹೊರಡುವ ಹೊತ್ತಿಗೆ ಇನ್ನೊಬ್ಬರು ಬರುತ್ತಾರೆ. ಬೂದು ಸಿಪಿಲೆ. ಹೊಟ್ಟೆ ಹಳದಿ, ಬಾಲ ಉದ್ದ, ಅದನ್ನು ಕ್ಷಣ ಬಿಡದೆ ಮೇಲೆ ಕೆಳಗೆ ಕುಣಿಸುತ್ತಿರುತ್ತದೆ. ಹಿಮಾಲಯದ ಕಡೆಯಿಂದ ಚಳಿ ಕಳೆಯಲು ಇಲ್ಲಿಗೆ ಬರುವ ಹಕ್ಕಿ. ನಮ್ಮ ಬಚ್ಚಲ ನೀರು ಹರಿಯುವ ಕಾಲುವೆಯೇ ಅದಕ್ಕೆ ಬೇಕು. ಅಷ್ಟು ದೂರದಿಂದ ಹಾರಿ ಬಂದು ಪಾತ್ರೆ ತೊಳೆದ ನೀರಿನ ಬಳಿ ಬಿಡಾರ ಹೂಡುವುದು ಯಾವ ರುಚಿಯೋ.

ಬೆಳಗಿನ ಪಾರಿಜಾತದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಎಲ್ಲರೂ ಹೇಳಿದ್ದಾರೆ. ರಾತ್ರಿ ಅರಳಿ ಬೆಳಗಾಗುವುದರೊಳಗೆ ಉದುರುತ್ತದೆ. ನೆಲಕ್ಕೆ ಬಿದ್ದದ್ದನ್ನೇ ಎತ್ತಿ ದೇವರಿಗೆ ಇಡಬಹುದಾದ ಹೂವು ಅದು. ಮಗಳಿಗೆ ಬೇಕಾದದ್ದು ಅದರ ಕೇಸರಿ ತೊಟ್ಟು. ಹಿಂದೆ ಬಟ್ಟೆಗೆ ಬಣ್ಣ ಹಾಕಲು ಅದನ್ನು ಬಳಸುತ್ತಿದ್ದರಂತೆ. ಇವಳು ಡ್ರಾಯಿಂಗ್ ಪುಸ್ತಕಕ್ಕೆ ಉಜ್ಜಿ ಉಜ್ಜಿ ಸೂರ್ಯನಿಗೆ ಬಣ್ಣ ತುಂಬುತ್ತಾಳೆ. ಕ್ರೆಯಾನ್ ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ.

ಡೇರೆ ಹೂವಿನ ಬಗ್ಗೆ ಮಾತ್ರ ಹೇಳಲೇಬೇಕು. ಪೇಟೆಯವರು ಡೇಲಿಯಾ ಅನ್ನುತ್ತಾರೆ. ಮೆಕ್ಸಿಕೋದ ಗಿಡ, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಹೆಸರಿಟ್ಟದ್ದು. ಇದನ್ನು ಆಯಿಗೆ ಹೇಳಿದರೆ ನಂಬುವುದಿಲ್ಲ. ಅವಳ ಪ್ರಕಾರ ಅದು ಅವಳ ತವರಿನ ಗಿಡ. ಈ ಸೀಮೆಯ ಹೆಂಗಸರಿಗೆ ಡೇರೆಯ ಹುಚ್ಚು ಎಷ್ಟೆಂದರೆ, ಮದುವೆ ಮನೆಯಲ್ಲಿ ಸೀರೆಯ ಮಾತು ಮುಗಿದ ಮೇಲೆ ಗಡ್ಡೆಯ ಮಾತೇ. "ನಿಮ್ಮಲ್ಲಿ ಅಂಚು ಬಿಳಿ, ನಡು ಮೆರೂನು ಇದ್ದಲಿ, ಅದರ ಒಂದು ಗಡ್ಡೆ ಕೊಡೇ." ಕೊಡದಿದ್ದರೆ ಕದಿಯುವುದೂ ಉಂಟು. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ಸಮಾಧಾನ ಬೇರೆ. ಮಳೆಗಾಲಕ್ಕೆ ಮುಂಚೆ ಗಡ್ಡೆ ನೆಡಬೇಕು. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಆದ್ದರಿಂದ ಎಲ್ಲವೂ ಹಳೇ ಬಕೆಟ್ಟು, ಸಿಮೆಂಟ್ ಚೀಲ, ಒಡೆದ ಹಂಡೆಗಳಲ್ಲಿ, ಮಾಡಿನ ಅಂಚಿಗೆ. ಕಾಂಡ ಟೊಳ್ಳು, ಹೂವು ಊಟದ ಬಟ್ಟಲಿನಷ್ಟು ಭಾರ. ಕೋಲು ಕೊಟ್ಟು ಬಾಳೆನಾರಲ್ಲಿ ಕಟ್ಟದಿದ್ದರೆ ಒಂದೇ ಮಳೆಗೆ ಕತ್ತು ಮುರಿಯುತ್ತದೆ.

ಆಯಿಯ ನೇರಳೆ ಬಣ್ಣದ ಡೇರೆಗೆ ಹೋದ ವರ್ಷ ಒಂದು ಕೊಡೆ ಇತ್ತು. ನಿಜವಾದ ಕೊಡೆ, ಅಪ್ಪನದ್ದು, ಎರಡು ಕಡ್ಡಿ ಮುರಿದದ್ದು. ಕೋಲಿಗೆ ಕಟ್ಟಿ ಮೊಗ್ಗಿನ ಮೇಲೆ ಬಿಚ್ಚಿಟ್ಟಿದ್ದಳು. ನನ್ನ ಹಾಸಿಗೆ ನೆನೆದ ದಿನ ಆ ಹೂವಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಗೆ ಬಂದವರಿಗೆಲ್ಲ ಮೊದಲು ಹಾಸಿಗೆ ತೋರಿಸಿ, ಆಮೇಲೆ ಹೂವು ತೋರಿಸುತ್ತಿದ್ದಳು.

ಸುಖವೊಂದೇ ಇದೆ ಅಂತಲ್ಲ. ಬಿಸಿಲು ಬಂದಿತೆಂದರೆ ಮಂಗಗಳೂ ಬರುತ್ತವೆ. ಅಲಸಂದೆ, ಹೀರೆ, ಸೌತೆ, ಒಂದನ್ನೂ ಪೂರ್ತಿ ತಿನ್ನುವುದಿಲ್ಲ. ಕಚ್ಚುವುದು, ಎಸೆಯುವುದು. ಪಟಾಕಿ ಹೊಡೆದರೆ ಮೊದಲ ದಿನ ಓಡುತ್ತವೆ, ಎರಡನೇ ದಿನ ಮಾಡಿನ ಮೇಲೆ ಕೂತು ಕೇಳುತ್ತವೆ. ಅಡಿಕೆಯ ಕಥೆಯೂ ಹಾಗೇ. ಮಳೆ ಹಿಡಿದು ಹೊಯ್ದ ವರ್ಷ ಕೊಳೆರೋಗ ಬಂದು, ರಾತ್ರಿ ಮಲಗಿದಲ್ಲಿಗೇ ಟಪ್ ಟಪ್ ಎಂದು ಎಳೆಕಾಯಿ ಉದುರುವುದು ಕೇಳುತ್ತದೆ. ಅದಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣ, ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು ದಿನ ಕಳೆದು ಮತ್ತೊಮ್ಮೆ. ಮಳೆ ಬಿಡದಿದ್ದರೆ ಮೂರನೇ ಸಲ. ಜಾರುವ ಮರ ಹತ್ತುವ ಕೊನೆಗೌಡ ಸಿಗುವುದೇ ಕಷ್ಟ. ಹೊಳವಾದರೆ ಆ ಟಪ್ ಟಪ್ ನಿಲ್ಲುತ್ತದೆ. ಆಮೇಲೆ ನಾಲ್ಕು ಜನ ಸೇರಿದಲ್ಲಿ ಮಾತು ರೇಟಿನ ಕಡೆಗೋ, ಲಿಂಗನಮಕ್ಕಿ ಅಣೆಕಟ್ಟಿನ ಕಡೆಗೋ ತಿರುಗುತ್ತದೆ. ಅದು ತುಂಬುವ ಮಟ್ಟವಾದ 1819 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಅನ್ನುವುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಹಾಸಿಗೆ ಒಣಗಿದ್ದು ಭೂಮಿ ಹುಣ್ಣಿಮೆಯ ಹಿಂದಿನ ದಿನ. ಆಶ್ವಯುಜದ ಹುಣ್ಣಿಮೆ ಅದು. ಗದ್ದೆಯಲ್ಲಿ ಭತ್ತ ಹೊಡೆ ಒಡೆದು ಕಾಳಿಗೆ ಹಾಲು ಕೂಡುವ ಸಮಯ. ಅಂದರೆ ಭೂಮಿ ಬಸುರಿ, ಬಸುರಿಯ ಬಯಕೆ ತೀರಿಸಬೇಕು. ನಮ್ಮ ಮನೆಯಲ್ಲೂ ತೋಟದಲ್ಲಿ ಒಂದು ಎಡೆ ಇಡುತ್ತೇವೆ, ಆದರೆ ಹಬ್ಬ ನೋಡಬೇಕಾದರೆ ಗದ್ದೆಯಾಚೆ ದೀವರ ಕೇರಿಗೆ ಹೋಗಬೇಕು. ವಾರ ಮುಂಚಿನಿಂದ ಅಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ. ಬ್ರಶ್ಶು ಅಂದರೆ ಪುಂಡಿ ನಾರು. ಆ ಗೆರೆಗಳು ಸ್ಕೇಲ್ ಇಟ್ಟ ಹಾಗೆ ನೇರ, ಕೂದಲಿನಷ್ಟು ಸಣ್ಣ. ಮಗಳು ಬೆರಳು ಚಾಚಿದಳು. "ಮುಟ್ಟಬ್ಯಾಡ ತಂಗಿ, ಇನ್ನೂ ಹಸಿ ಐತೆ" ಅಂದರು ಬರೆಯುತ್ತಿದ್ದ ಅಕ್ಕ. ಕಣ್ಣು ಬುಟ್ಟಿಯಿಂದ ಎತ್ತಲಿಲ್ಲ.

ಅವತ್ತು ರಾತ್ರಿ ಆ ಕೇರಿಯಲ್ಲಿ ಹೆಂಗಸರು ಮಲಗುವುದಿಲ್ಲ. ಬಗೆಬಗೆಯ ಸೊಪ್ಪು, ತರಕಾರಿ, ಅಮಟೆಕಾಯಿ, ಕಡುಬು, ಎಲ್ಲಾ ಬೇಯಬೇಕು. ಬೆಳಗಾಗುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೊರಡುತ್ತಾರೆ. ನಮ್ಮ ಜಗಲಿಯಿಂದ ದೀಪಗಳು ಗದ್ದೆಯಂಚಿನಲ್ಲಿ ಸಾಲಾಗಿ ಹೋಗುವುದು ಕಾಣುತ್ತದೆ. ಪೂಜೆ ಆದ ಮೇಲೆ ಸೊಪ್ಪಿನ ಚರಗವನ್ನು ಗದ್ದೆಯ ತುಂಬಾ ಬೀರುತ್ತಾ, ಭೂಮಿ ತಾಯಿಯನ್ನು ಉಣ್ಣಲು ಬಾ ಎಂದು ಕೂಗುತ್ತಾರೆ. ಒಂದು ಗದ್ದೆಯಿಂದ ಕೂಗಿದರೆ ಮಂಜಿನ ಆಚೆ ಇನ್ನೊಂದು ಗದ್ದೆಯಿಂದ ಕೂಗು. ಮನುಷ್ಯರು ಕಾಣುವುದಿಲ್ಲ, ದನಿ ಮಾತ್ರ. ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದು ಕೇಳಿಸಿದೆ. ಪೂರ್ತಿ ಎಚ್ಚರ ಇರಲಿಲ್ಲ. "ಯಾರನ್ನ ಕರೀತಾ ಇದ್ದ?" ಅಂದಳು. ಹೇಳುವಷ್ಟರಲ್ಲಿ ಮತ್ತೆ ನಿದ್ದೆ.

ನಮ್ಮ ಮನೆಯಲ್ಲಿ ಅವತ್ತು ಸೌತೆಕಾಯಿ ಕಡುಬು. ಇದಕ್ಕೆ ಎಳೆ ಸೌತೆ ಆಗುವುದಿಲ್ಲ. ಬಳ್ಳಿಯಲ್ಲೇ ಬಲಿತು ಹಳದಿಯಾದ, ಮೊಣಕೈ ಉದ್ದದ ಕಾಯಿ ಬೇಕು. ಮಂಗನ ಕಣ್ಣು ತಪ್ಪಿಸಿ ಅಷ್ಟು ದಿನ ಉಳಿದದ್ದು ಎರಡೇ ಎರಡು, ಅದೂ ಹೆಂಡತಿ ಹಳೇ ಸೀರೆಯ ತುಂಡು ಸುತ್ತಿಟ್ಟಿದ್ದಕ್ಕೆ. ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ, ತಿರುಳು ತುರಿಯಬೇಕು. ತುರಿಗೆ ಅಕ್ಕಿ ತರಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ನೀರು ಹಾಕುವ ಹಾಗಿಲ್ಲ, ಸೌತೆಯೇ ಬಿಡುತ್ತದೆ. ಅರಿಶಿನದ ಎಲೆ ಈ ಹೊತ್ತಿಗೆ ಮೊಳ ಉದ್ದ ಬೆಳೆದಿರುತ್ತದೆ. ಎಲೆಯ ನಡುವೆ ಹಿಟ್ಟು ತೆಳ್ಳಗೆ ಹಚ್ಚಿ, ಮಡಚಿ, ಹಬೆಗೆ ಇಡುವುದು. ಅರ್ಧ ಗಂಟೆಗೆ ಅರಿಶಿನದ ಎಲೆಯ ವಾಸನೆ ಅಡುಗೆಮನೆ ಬಿಟ್ಟು ಜಗಲಿಗೆ ಬರುತ್ತದೆ. ಬಿಸಿ ಇರುವಾಗಲೇ ಎಲೆ ಬಿಡಿಸಬೇಕು. ಬೆರಳು ಸುಡುತ್ತದೆ. ಬಿಡಿಸಿದರೆ ಎಲೆಯ ಗೆರೆಗಳೆಲ್ಲ ಕಡುಬಿನ ಮೇಲೆ ಅಚ್ಚಾಗಿರುತ್ತವೆ. ಮೇಲೊಂದು ಚಮಚ ತುಪ್ಪ. ಎಷ್ಟು ತಿಂದೆ ಎಂದು ಬರೆಯುವುದಿಲ್ಲ.

ತಿರುಳಿನಿಂದ ತೆಗೆದ ಬೀಜವನ್ನು ಆಯಿ ಎಸೆಯಲು ಬಿಡುವುದಿಲ್ಲ. ಒಲೆಯ ಬೂದಿಯಲ್ಲಿ ಕಲಸಿ ಹಿತ್ತಲ ಗೋಡೆಗೆ ಮೆತ್ತುತ್ತಾಳೆ. ಬಿಸಿಲಿಗೆ ಅಲ್ಲೇ ಒಣಗಿ ಅಂಟಿಕೊಂಡು, ಮುಂದಿನ ಮಳೆಗಾಲದ ಹೊತ್ತಿಗೆ ಕೆರೆದು ತೆಗೆದರೆ ಆಯಿತು. ಅವತ್ತು ಆ ಕೆಲಸ ಮಗಳ ಪಾಲಿಗೆ ಬಂತು. ಮಣೆ ಹಾಕಿಕೊಂಡು, ಅಜ್ಜಿಯ ಹಾಗೇ ಬೆನ್ನು ಬಿಸಿಲಿಗೆ ಕೊಟ್ಟು, ಒಂದೊಂದೇ ಬೀಜ ಇಟ್ಟು ಗೋಡೆಯ ಮೇಲೆ ತನ್ನ ಹೆಸರು ಬರೆಯಲು ಶುರು ಮಾಡಿದಳು. ಎರಡನೇ ಅಕ್ಷರದ ಕೊಂಬು ಮುಗಿಯುವಾಗ ಬೀಜ ಖಾಲಿ. ಇನ್ನೊಂದು ಸೌತೆ ಒಡೆಯೋಣ ಎಂದು ಹಟ ಹಿಡಿದಳು.

ಆಯಿ ಕತ್ತೆತ್ತಿ ಗುಡ್ಡದ ಕಡೆ ನೋಡಿದಳು. ಮೋಡ ಕಪ್ಪಾಗುತ್ತಿತ್ತು. "ಮೊದಲು ಹಾಸಿಗೆ" ಅಂದಳು.